ಗುರುಮನೆಗೆ ಬಂದ ಮಾಸ್ತಿಕಲ್ಲು

ಮಾಸ್ತಮ್ಮನಿಗೆ ಆ ಹೆಸರು ಬಂದದ್ದು ಒಂದು ಕಲ್ಲಿನಿಂದ. ಸೊರಬದ ಕಡೆಯ ನೇರಲಗುಡ್ಡೆಯಲ್ಲಿ ಅವಳ ತವರಿನ ಗದ್ದೆಯಿತ್ತು. ಅದರ ಮೂಲೆಯಲ್ಲಿ ಎದೆಮಟ್ಟದ ಒಂದು ಕಲ್ಲು. ಕಲ್ಲಿನ ಕಂಬದಿಂದ ಹೆಣ್ಣಿನ ತೋಳೊಂದು ಮೊಣಕೈ ಮಡಿಸಿ ಮೇಲಕ್ಕೆದ್ದಿತ್ತು. ಮುಂಗೈ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಯಾವುದೋ ಕಾಲದಲ್ಲಿ ಕಾಳಗದಲ್ಲಿ ಮಡಿದ ಗಂಡನ ಚಿತೆಯೇರಿದವಳೊಬ್ಬಳ ಗುರುತು ಅದು. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಊರವರು ಮಾಸ್ತಿಯಮ್ಮ ಎನ್ನುತ್ತಿದ್ದರು. ಮೊದಲ ಮಗನ ಬೆನ್ನಿಗೆ ಎರಡು ಕೂಸು ಕಳೆದುಕೊಂಡಿದ್ದ ತಾಯಿ, ಮುಂದಿನದಾದರೂ ಉಳಿಯಲೆಂದು ಆ ಕಲ್ಲಿಗೆ ಹರಕೆ ಹೊತ್ತಳು. ಹುಟ್ಟಿದ ಹುಡುಗಿ ಉಳಿದಳು, ಮಾಸ್ತಮ್ಮ ಆದಳು.

ವರುಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ಮುತ್ತೈದೆಯರು ಕಲ್ಲಿಗೆ ಎಣ್ಣೆ ಹಚ್ಚಿ ಅರಿಶಿನ ಕುಂಕುಮ ಬಳಿದು ಉಡಿ ತುಂಬುತ್ತಿದ್ದರು. ಎಣ್ಣೆಯ ಗಿಂಡಿ ಹಿಡಿದು ಮುಂದೆ ನಡೆಯುವುದು ಮಾಸ್ತಮ್ಮನ ಪಾಲಿನ ಕೆಲಸ. ಹೆಸರೇ ಅವಳದಲ್ಲವೇ. ಅವಳ ಅಣ್ಣ ಧರ್ಮಪ್ಪ, "ನಿಂಗೆ ಇಬ್ರು ಅವ್ವ ಕಣೆ, ನಂಗೆ ಒಬ್ಳೇ," ಎಂದು ಕಾಡಿಸುತ್ತಿದ್ದ.

ಶಿರಾಳಕೊಪ್ಪದ ಹತ್ತಿರದ ಊರಿನ ಮಾರಪ್ಪನಿಗೆ ಅವಳನ್ನು ಕೊಟ್ಟರು. ಆ ಕಾಲದಲ್ಲಿ ಈ ಸೀಮೆಯ ಮನೆಮನೆಯಲ್ಲೂ ಚಳಿಜ್ವರ. ಡೊಳ್ಳುಹೊಟ್ಟೆಯ ಮಕ್ಕಳು, ಹಳದಿಗಣ್ಣಿನ ದೊಡ್ಡವರು. ಮಾರಪ್ಪ ಒಂದು ಸುಗ್ಗಿಯಲ್ಲಿ ನಡುಗುತ್ತ ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ. ಇಪ್ಪತ್ತು ತುಂಬದ ಮಾಸ್ತಮ್ಮ ಬರಿಗೈಯಲ್ಲಿ ತವರಿಗೆ ಬಂದಳು.

ಆ ವರುಷದ ಪೂಜೆಗೆ ಅವಳು ಯಾವ ಯೋಚನೆಯೂ ಇಲ್ಲದೆ ಗಿಂಡಿ ಕೈಗೆತ್ತಿಕೊಂಡು ಹೊರಟಳು. ಗದ್ದೆಯ ಬದುವಿನ ಮೇಲೆ ದೊಡ್ಡಮ್ಮನೊಬ್ಬಳು ತಿರುಗಿ ನಿಂತು ಗಿಂಡಿಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನೀ ಅಲ್ಲೇ ನಿಲ್ಲೆ ಮಗಾ. ಅವ್ಳು ಗಂಡನ ಹಿಂದೇ ಹೋದೋಳು. ನೀ ಉಳ್ಕಂಡೋಳು."

ಬೈಗುಳವಾಗಿದ್ದರೆ ಮರೆತುಹೋಗುತ್ತಿತ್ತೇನೋ. ಆಕೆ ಅದನ್ನು ಅಕ್ಕರೆಯಿಂದ, ಕೂಸಿಗೆ ಬೆಂಕಿ ಮುಟ್ಟಬೇಡ ಎನ್ನುವ ಹಾಗೆ ಹೇಳಿದ್ದಳು. ಮಾಸ್ತಮ್ಮ ಬದುವಿನ ಮೇಲೇ ನಿಂತಳು. ಮರುತಿಂಗಳು ಅತ್ತಿಗೆ ಯಮುನಮ್ಮನ ಚೊಚ್ಚಲ ಕೂಸು ತೀರಿಕೊಂಡಿತು. ಯಾರೂ ಮಾಸ್ತಮ್ಮನ ಮುಖದೆದುರು ಏನೂ ಆಡಲಿಲ್ಲ. ಆದರೆ ಅವಳು ನೀರು ತಂದಿಟ್ಟರೆ ಯಮುನಮ್ಮ ಕುಡಿಯುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಧರ್ಮಪ್ಪ ಗಾಡಿ ಕಟ್ಟಿದ.

"ಕಂಬದಕೊಪ್ಪದ ಗುರುಮನೇಲಿ ಭತ್ತ ಕುಟ್ಟಾಕೆ ಆಳು ಬೇಕಂತೆ. ನಾಕು ದಿನ ಇದ್ದು ಬಾ. ಇಲ್ಲಿ ಸಮಾ ಆದ ಮೇಲೆ ನಾನೇ ಬಂದು ಕರ್ಕಂಡು ಹೋತೀನಿ," ಎಂದ.

ಅವನು ಸುಳ್ಳು ಹೇಳಿದನೆಂದು ಮಾಸ್ತಮ್ಮ ಯಾವತ್ತೂ ಅಂದುಕೊಳ್ಳಲಿಲ್ಲ. ಹೇಳುವಾಗ ಅವನ ಮನಸ್ಸಿನಲ್ಲಿ ಅದೇ ಇತ್ತು. ಆಮೇಲೆ ಸಮಾ ಆಗಲಿಲ್ಲ, ಅಷ್ಟೆ.

ಗುರುಮನೆ ಎಂದರೆ ಮಠವೂ ಹೌದು, ಅರಮನೆಯೂ ಹೌದು. ಹಿಂದೆ ನಾಯಕರ ಆಳ್ವಿಕೆಯಲ್ಲಿ ಅಲ್ಲಿಯ ಸ್ವಾಮಿಗಳು ಪಲ್ಲಕ್ಕಿಯಲ್ಲಿ ಮೆರೆದವರು. ಸುತ್ತಿನ ಹಳ್ಳಿಗಳ ವ್ಯಾಜ್ಯಗಳನ್ನು ತಮ್ಮ ಗದ್ದುಗೆಯ ಮುಂದೆಯೇ ತೀರಿಸಿದವರು. ತೇಗದ ಕಂಬಗಳ ಮೇಲೆ ನಿಂತ ಒಡ್ಡೋಲಗದ ಪಡಸಾಲೆ, ನಡುವೆ ಅಂಗಳ, ಹಿಂದೆ ದಾಸೋಹದ ಅಡುಗೆಮನೆ. ಇವೆಲ್ಲ ಅಲ್ಲಿವೆ ಎಂದು ಮಾಸ್ತಮ್ಮ ಕೇಳಿ ಬಲ್ಲಳು, ಕಣ್ಣಾರೆ ಕಂಡವಳಲ್ಲ. ಅವಳ ಲೋಕ ಹಿತ್ತಿಲ ಒರಳುಕೊಟ್ಟಿಗೆ, ಅದಕ್ಕೆ ಅಂಟಿಕೊಂಡ ಒಂದು ಕೋಣೆ. ಅವಳು ಕುಟ್ಟಿದ ಅಕ್ಕಿ ಒಳಗೆ ಹೋಗುತ್ತಿತ್ತು. ಅವಳು ಹೋಗುವಂತಿರಲಿಲ್ಲ. ಒಳಗಿನ ಗಂಟೆ, ಮಂತ್ರ, ಪಂಕ್ತಿಯ ಗದ್ದಲ ಗೋಡೆ ದಾಟಿ ಬರುತ್ತಿತ್ತು. ಒನಕೆ ಹಾಕುವ ಇತರ ಹೆಂಗಸರು ಸಂಜೆಗೆ ತಂತಮ್ಮ ಮನೆಗೆ ಹೋದರೆ ಅವಳೊಬ್ಬಳೇ ಕೊಟ್ಟಿಗೆಯಲ್ಲಿ ಹೊಟ್ಟು ಗುಡಿಸುತ್ತ ಉಳಿಯುತ್ತಿದ್ದಳು. ಹಾಗೆ ಅವಳ ಕೂದಲು ಬೆಳ್ಳಗಾಯಿತು.

ಕೊನೆಯ ಸ್ವಾಮಿಗಳು ತಮ್ಮ ನಂತರ ಗದ್ದುಗೆಗೆ ಬರುವ ಮರಿಯನ್ನು ಮಾಡದೆಯೇ ಲಿಂಗೈಕ್ಯರಾದರು. ಭಕ್ತರು ಬೇರೆ ಮಠಗಳಿಗೆ ಹಂಚಿಹೋದರು. ದಾಸೋಹ ನಿಂತಿತು. ಶಿರಾಳಕೊಪ್ಪಕ್ಕೆ ಅಕ್ಕಿ ಗಿರಣಿ ಬಂದು ಒರಳಿನ ಕೆಲಸವೂ ಹೋಯಿತು. ರಾಜ್ಯ ಏಕೀಕರಣವಾದ ಮಾರನೆಯ ವರುಷ ಸರ್ಕಾರ ಗುರುಮನೆಯನ್ನು ವಹಿಸಿಕೊಂಡಿತು. ಹೆಂಚು ಹೊದಿಸಿ, ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಹಲಗೆ ಹೊಡೆದು ಮ್ಯೂಸಿಯಂ ಎಂದು ಬರೆಸಿದರು. ಅದನ್ನು ನೋಡಿಕೊಳ್ಳಲು ಮೈಸೂರು ಕಡೆಯಿಂದ ರಾಜಪ್ಪ ಎಂಬವರು ಬಂದರು. ಮೂವತ್ತರ ಒಳಗಿನ ಒಂಟಿ ಮನುಷ್ಯ. ಸೊರಬದಲ್ಲಿ ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡುತ್ತಿದ್ದರು. ಹಿತ್ತಿಲಲ್ಲಿ ಒಬ್ಬ ಹೆಂಗಸು ವಾಸವಾಗಿದ್ದಾಳೆಂದು ತಿಳಿದಾಗ ಅವರು ಅವಳನ್ನು ಎಬ್ಬಿಸಲಿಲ್ಲ. ಕಸ ಗುಡಿಸುವ ಕೆಲಸಕ್ಕೆ ತೆಗೆದುಕೊಂಡರು.

ಪೊರಕೆ ಹಿಡಿದು ಒಡ್ಡೋಲಗದ ಪಡಸಾಲೆಯ ಹೊಸ್ತಿಲಲ್ಲಿ ಮಾಸ್ತಮ್ಮ ಬಹಳ ಹೊತ್ತು ನಿಂತಿದ್ದಳು. "ಬನ್ನಿಯಮ್ಮ, ಯಾಕೆ ನಿಂತಿರಿ?" ಎಂದರು ರಾಜಪ್ಪ. ಅವಳು ಒಳಗೆ ಕಾಲಿಟ್ಟಳು. ಇಷ್ಟು ವರುಷ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಜಾಗ. ಅಲ್ಲಿ ಗದ್ದುಗೆಯಿತ್ತು, ಗದ್ದುಗೆಯ ಸುತ್ತ ಹಗ್ಗ ಕಟ್ಟಿತ್ತು. ಗಂಟೆಯ ನಾಲಗೆಯನ್ನು ಬಟ್ಟೆಯಿಂದ ಸುತ್ತಿದ್ದರು. ಈಗ ಯಾರು ಬೇಕಾದರೂ ಒಳಗೆ ಬರಬಹುದಾಗಿತ್ತು, ಆದರೆ ಬರುವವರೇ ಇರಲಿಲ್ಲ. ಶಾಲೆಯ ಮಕ್ಕಳು, ಸಂತೆಗೆ ಬಂದು ಬಸ್ಸು ತಪ್ಪಿಸಿಕೊಂಡವರು, ಇಷ್ಟೇ.

ರಾಜಪ್ಪ ಸುತ್ತಲಿನ ತಾಲೂಕುಗಳಲ್ಲಿ ತಿರುಗಿ ಕಲ್ಲುಗಳನ್ನು ತರಿಸತೊಡಗಿದರು. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಬಿದ್ದ ವೀರಗಲ್ಲುಗಳು, ಶಾಸನಗಳು, ಮೂಗು ಮುರಿದ ವಿಗ್ರಹಗಳು. ಅಂಗಳದ ಜಗಲಿಯ ಉದ್ದಕ್ಕೂ ಅವನ್ನು ಸಾಲಾಗಿ ನಿಲ್ಲಿಸಿದರು. ಒಂದು ಮಧ್ಯಾಹ್ನ ಬಂದ ಲಾರಿಯಲ್ಲಿ ಹುಲ್ಲು ಹಾಸಿ ಮಲಗಿಸಿದ್ದ ಕಲ್ಲೊಂದನ್ನು ಆಳುಗಳು ಹಗ್ಗ ಹಾಕಿ ಇಳಿಸಿದರು. ಜಗಲಿ ಗುಡಿಸುತ್ತಿದ್ದ ಮಾಸ್ತಮ್ಮ ತಲೆಯೆತ್ತಿದಳು. ಹುಲ್ಲಿನೊಳಗಿಂದ ಒಂದು ತೋಳು ಎದ್ದಿತ್ತು. ಎಣ್ಣೆ ಕುಂಕುಮಗಳ ಗಟ್ಟಿಯಾದ ಕರಿಕೆಂಪು ಹಕ್ಕಳೆ, ಮೊಣಕೈಯ ಬಳಿ ಒಂದು ಚಕ್ಕೆ ಹಾರಿದ ಹಳೆಯ ಗಾಯ.

ಅವಳು ಕಂಬದ ಮರೆಗೆ ಸರಿದಳು. ಸರಿದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕಾಲು ತಾನಾಗಿ ಸರಿದಿತ್ತು.

"ಇದು ನಮ್ಮೂರಿಂದು," ಎಂದಳು, ಆಳುಗಳು ಹೋದ ಮೇಲೆ.

"ನೇರಲಗುಡ್ಡೆಯೇ ನಿಮ್ಮೂರು? ಒಳ್ಳೆಯದಾಯಿತು. ಪಟೇಲರು ಒಪ್ಪಿ ಕೊಟ್ಟರು. ಗದ್ದೆಯಲ್ಲಿದ್ದರೆ ಬಿಸಿಲಿಗೆ ಮಳೆಗೆ ಹಾಳಾಗುತ್ತಿತ್ತು." ರಾಜಪ್ಪ ಕಲ್ಲನ್ನು ಸುತ್ತುಹಾಕಿ ನೋಡಿದರು. "ಈ ಜಿಡ್ಡನ್ನೆಲ್ಲ ತೆಗೆಯಬೇಕಮ್ಮ. ಸೀಗೆಪುಡಿ ಬಿಸಿನೀರು ಹಾಕಿ ನಿಧಾನವಾಗಿ ತೊಳೆಯಿರಿ. ಕೆರೆಯಬೇಡಿ."

"ನಾ ಮುಟ್ಟಂಗಿಲ್ರೀ."

"ಯಾಕೆ?"

ಅವಳು ಬರಿದಾದ ತನ್ನ ಮುಂಗೈ ನೋಡಿಕೊಂಡಳು. ರಾಜಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ತಾಯಿಯೂ ಹಾಗೇ ಅನ್ನುತ್ತಿದ್ದಳು, ಎಷ್ಟೋ ವಿಷಯಕ್ಕೆ," ಎಂದರು. "ಇಲ್ಲಿಗೆ ಬಂದ ಮೇಲೆ ಅದು ಕಲ್ಲು. ನಿಮಗೆ ಬೇಡವೆಂದರೆ ಬೇರೆ ಯಾರಿಗಾದರೂ ಹೇಳುತ್ತೇನೆ."

ಬೇರೆ ಯಾರಿಗೋ. ಅದನ್ನು ಕೇಳಿ ಅವಳಿಗೆ ಕಸಿವಿಸಿಯಾಯಿತು. ಮರುದಿನ ಬೆಳಿಗ್ಗೆ ಅವಳೇ ಹಂಡೆಯ ಒಲೆ ಹಚ್ಚಿದಳು. ತಲೆಯ ಮೇಲೆ ಸೆರಗು ಬಿಗಿದು, ಮೊದಲು ದೂರದಿಂದ ಚೆಂಬಿನಲ್ಲಿ ನೀರು ಚೆಲ್ಲಿದಳು. ಏನೂ ಆಗಲಿಲ್ಲ. ಹತ್ತಿರ ಹೋಗಿ ಬೆರಳ ತುದಿಯಿಂದ ಮುಟ್ಟಿದಳು. ಕಲ್ಲು ತಣ್ಣಗಿತ್ತು. ಆಮೇಲೆ ಅಂಗೈ ಇಟ್ಟು ಉಜ್ಜಿದಳು. ಸೀಗೆಯ ನೊರೆಯೊಂದಿಗೆ ಹಳೆಯ ಎಣ್ಣೆ ಕರಗಿ ಇಳಿಯಿತು. ಅವಳ ತಾಯಿ ಹಚ್ಚಿದ ಎಣ್ಣೆಯೂ ಅದರಲ್ಲಿತ್ತು. ಚಿಕ್ಕವಳಾಗಿ ಅವಳೇ ಹೊತ್ತುತಂದ ಎಣ್ಣೆಯೂ ಇತ್ತು.

ತೋಳಿನ ಕೆಳಗೆ, ಹಕ್ಕಳೆಯ ಅಡಿಯಲ್ಲಿ, ಊರಿನವರು ಯಾರೂ ಕಂಡಿರದ ಎರಡು ಸಣ್ಣ ಆಕೃತಿಗಳು ಹೊರಬಂದವು. ಒಬ್ಬ ಕತ್ತಿ ಹಿಡಿದ ಗಂಡಸು. ಅವನ ಪಕ್ಕದಲ್ಲಿ ಕೈಮುಗಿದ ಹೆಣ್ಣು. ಅವನ ಹೆಗಲಿಗೂ ಬಾರದ ಎತ್ತರ, ಉರುಟು ಕೆನ್ನೆ, ಒಂದು ಬದಿಗೆ ಜಾರಿದ ತುರುಬು. ಮಾಸ್ತಮ್ಮ ಒದ್ದೆ ಬಟ್ಟೆ ಹಿಡಿದು ನೋಡಿದಳು. ಮಾಸ್ತಿಯಮ್ಮ ಎಂದರೆ ಅವಳ ಮನಸ್ಸಿನಲ್ಲಿದ್ದುದು ತನ್ನ ದೊಡ್ಡಮ್ಮನಂತಹ ಹಣ್ಣುಮುದುಕಿ. ಇದು ಹುಡುಗಿ. ಇನ್ನೂ ಬೆಳೆಯಬೇಕಾಗಿದ್ದ ಹುಡುಗಿ.

"ಅಯ್ಯೋ ಕೂಸೇ," ಎಂದಿತು ಅವಳ ಬಾಯಿ.

ಅಂದಿನಿಂದ ಅವಳು ಜಗಲಿ ಗುಡಿಸಲು ಬಂದಾಗಲೆಲ್ಲ ಆ ಕಲ್ಲಿನ ಬಳಿ ಒಂದಿಷ್ಟು ಹೊತ್ತು ಹೆಚ್ಚಿಗೆ ನಿಲ್ಲುತ್ತಿದ್ದಳು. ಮಾತಾಡುತ್ತಿರಲಿಲ್ಲ, ಕೈಮುಗಿಯುತ್ತಲೂ ಇರಲಿಲ್ಲ. ತೋಳಿನ ಮೇಲೆ ಕೂತ ಧೂಳನ್ನು ಒರೆಸುತ್ತಿದ್ದಳು. ಯಾರನ್ನಾದರೂ ಮುಟ್ಟಿ ಅವಳಿಗೆ ಬಹಳ ಕಾಲವಾಗಿತ್ತು.

ಬಿತ್ತನೆಯ ಮುಂಚಿನ ದಿನಗಳಲ್ಲಿ ನೇರಲಗುಡ್ಡೆಯಿಂದ ಒಂದು ಗಾಡಿ ಬಂತು. ಹಸಿರು ಸೀರೆಯುಟ್ಟ ಹೆಂಗಸರು ಹಣ್ಣುಕಾಯಿ, ಉಡಿಯ ತಟ್ಟೆ ಹಿಡಿದು ಇಳಿದರು. ಗಾಡಿ ಹೊಡೆಯುತ್ತಿದ್ದವನು ಧರ್ಮಪ್ಪ. ಅವನ ಮೀಸೆ ಪೂರ್ತಿ ನರೆತಿತ್ತು. ಮಾಸ್ತಮ್ಮ ಬಾಗಿಲಲ್ಲಿ ನಿಂತಿದ್ದಳು. ಕರೆದುಕೊಂಡು ಹೋಗಲು ಬಂದರು ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿಯೂ ಬಿಟ್ಟಿತು.

"ಮಾಸ್ತಿಯಮ್ಮನ್ನ ಎಲ್ಲಿ ಇಟ್ಟಾರವ್ವ?" ಎಂದು ಒಬ್ಬಳು ಅವಳನ್ನೇ ಕೇಳಿದಳು.

ಅವಳು ಕೈತೋರಿಸಿದಳು. ಧರ್ಮಪ್ಪ ಅವಳ ಮುಂದೆಯೇ ಹಾದು ಹೋದ. ಕೊನೆಯಲ್ಲಿ ಬಂದ ಯಮುನಮ್ಮ ಮಾತ್ರ ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು.

"ಮಾಸ್ತಿ?"

"ಹೂಂ ಅತ್ತಿಗೆ."

"ಬದುಕಿದೀಯ," ಎಂದಳು ಯಮುನಮ್ಮ. ಕೇಳಿದ್ದೋ, ಹೇಳಿದ್ದೋ ಗೊತ್ತಾಗಲಿಲ್ಲ.

ರಾಜಪ್ಪ ಎಣ್ಣೆ ಕುಂಕುಮಕ್ಕೆ ಒಪ್ಪಲಿಲ್ಲ. "ಕೈಮುಗಿಯಿರಿ, ಎಷ್ಟು ಹೊತ್ತಾದರೂ ನಿಲ್ಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಏನೂ ಹಚ್ಚುವ ಹಾಗಿಲ್ಲ," ಎಂದು ನಾಲ್ಕು ಸಲ ವಿನಯದಿಂದ ಹೇಳಿದರು. ಹೆಂಗಸರು ತಟ್ಟೆ ಹಿಡಿದು ಕಲ್ಲಿನ ಮುಂದೆ ನಿಂತರು. ಬೂದುಬಣ್ಣದ ಬೋಳು ಕಲ್ಲು. ಅದರ ಬುಡದಲ್ಲಿ ಯಾರೋ ಗೊತ್ತಿಲ್ಲದ ಹುಡುಗಿ.

"ಇದು ನಮ್ಮಮ್ಮ ಅಲ್ಲ," ಎಂದಳು ಒಬ್ಬಳು.

"ಮೊಣಕೈ ನೋಡೆ. ಅವ್ಳೇಯ. ತೊಳ್ದು ಬಿಟ್ಟಾರೆ."

"ಯಾರು ತೊಳ್ದಿದ್ದು?"

ರಾಜಪ್ಪ ಬಾಯಿ ತೆರೆಯುವ ಮೊದಲೇ ಮಾಸ್ತಮ್ಮ ಹೇಳಿದಳು: "ನಾನೇ ತೊಳ್ದೆ."

ಹೆಂಗಸರು ಅವಳ ಬೋಳು ಹಣೆ ನೋಡಿದರು, ಕೈ ನೋಡಿದರು. ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಹಿತ್ತಿಲ ಬಾವಿಯಿಂದ ಮಾಸ್ತಮ್ಮ ಕೊಡದಲ್ಲಿ ನೀರು ತಂದು ಗಾಡಿಯ ಬಳಿ ಇಟ್ಟಳು. ದಾರಿ ಬಿಸಿಲಿನದು, ಎಲ್ಲರಿಗೂ ಬಾಯಾರಿತ್ತು. ಯಾರೂ ಮುಟ್ಟಲಿಲ್ಲ. ಧರ್ಮಪ್ಪ ಎತ್ತು ಕಟ್ಟಿ ಮುಗಿಸಿ, ಬಂದು ಬೊಗಸೆಯೊಡ್ಡಿದ. ಅವಳು ಎರೆದಳು. ಅವನು ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡು, "ಬಾವಿ ನೀರು ಚೆಂದ ಅದೆ," ಎಂದು ಗಾಡಿ ಹತ್ತಿದ.

ಆ ಸಲ ನೇರಲಗುಡ್ಡೆಯಲ್ಲಿ ಸಸಿಗೆ ರೋಗ ಬಿತ್ತು. ಒಂದೆರಡು ದನ ಕಾಲುಬಾಯಿ ಬೇನೆಯಲ್ಲಿ ಸತ್ತವು. ಸುತ್ತಿನ ಊರುಗಳಲ್ಲೂ ಹಾಗೇ ಆಗಿತ್ತು, ಆದರೆ ನೇರಲಗುಡ್ಡೆಯವರಿಗೆ ಕಾರಣ ಗೊತ್ತಿತ್ತು. ಅವರು ನಿಮಿತ್ತ ಕೇಳಿಸಿದರು. ಹೊಸ ಕಲ್ಲು ನಿಲ್ಲಿಸಿ ಅಮ್ಮನನ್ನು ನೀರಿನಲ್ಲಿ ಕರೆತನ್ನಿ ಎಂದು ಹೇಳಿಕೆಯಾಯಿತು. ಜೊತೆಗೆ ಇನ್ನೊಂದು ಮಾತೂ ಬಂತು. ಅದನ್ನು ಹೇಳಲು ಧರ್ಮಪ್ಪ, ಯಮುನಮ್ಮ ಇಬ್ಬರೇ ಬಂದರು. ಒರಳುಕೊಟ್ಟಿಗೆಯ ಮುಂದೆ ಕೂತು ಬಹಳ ಹೊತ್ತು ಬೆಳೆಯ ವಿಷಯ ಆಡಿದರು. ಕೊನೆಗೆ ಯಮುನಮ್ಮ ನೆಲ ನೋಡುತ್ತ ಹೇಳಿದಳು.

"ಅವ್ಳನ್ನ ಕಡೇಗೆ ಮುಟ್ಟಿದೋರೇ ನೀರು ಬಿಟ್ಟು ಕೊಡಬೇಕಂತೆ. ಬ್ಯಾರೆಯೋರು ಕರದ್ರೆ ಬರಾದಿಲ್ಲಂತೆ."

ಬದುವಿನ ಮೇಲೆ ತನ್ನನ್ನು ನಿಲ್ಲಿಸಿದ ಊರು ಇಂದು ತನ್ನ ಬಾಗಿಲಲ್ಲಿ ಕೂತಿದೆ ಎಂಬುದು ಮಾಸ್ತಮ್ಮನಿಗೆ ತಿಳಿಯದೆ ಇರಲಿಲ್ಲ. ಆಗುವುದಿಲ್ಲ ಎಂದರೆ ಅವರು ಇನ್ನೊಮ್ಮೆ ಬರುತ್ತಾರೆ, ಮತ್ತೊಮ್ಮೆಯೂ ಬರುತ್ತಾರೆ. ಆ ಆಸೆ ಅವಳ ಗಂಟಲವರೆಗೂ ಬಂತು. ಅಷ್ಟರಲ್ಲಿ ಯಮುನಮ್ಮನ ಪಾದ ಕಣ್ಣಿಗೆ ಬಿತ್ತು. ಹಿಮ್ಮಡಿ ಒಡೆದು ಬಿರುಕುಬಿಟ್ಟಿತ್ತು. ಬಸ್ಸಿಗೆ ಕಾಯದೆ ಅವರು ನಡೆದೇ ಬಂದಿದ್ದರು.

"ಯಾವಾಗ ಬರ್ತೀರಿ?" ಎಂದಳು.

ರಾಜಪ್ಪನನ್ನು ಕೇಳಿದ್ದೂ ಅವಳೇ. "ಬರೀ ನೀರೇ?" ಎಂದು ಅವರು ವಿಚಾರಿಸಿ, ಊರವರು ಬಂದ ದಿನ ಮಧ್ಯಾಹ್ನ ಊಟಕ್ಕೆಂದು ಎಂದಿಗಿಂತ ಬೇಗ ಹೊರಟುಹೋದರು.

ಯಮುನಮ್ಮ ಹೊಸ ಮಡಕೆ ಹಿಡಿದು ಕಲ್ಲಿನ ಬದಿಯಲ್ಲಿ ಕೂತಳು. ಬೇರೆ ಹೆಂಗಸರು ಅಂಗಳದಲ್ಲಿ ನಿಂತರು. ಮಾಸ್ತಮ್ಮ ತಂಬಿಗೆಯಿಂದ ತೋಳಿನ ಮೇಲೆ ನೀರು ಬಿಟ್ಟಳು. ನೀರು ನಿಂಬೆಹಣ್ಣಿನ ಮೇಲೆ ಬಿದ್ದು, ಬಳೆಗಳ ಮೇಲೆ ಇಳಿದು, ಮೊಣಕೈಯ ಗಾಯದಿಂದ ಎಳೆಯಾಗಿ ಮಡಕೆಗೆ ಸುರಿಯಿತು.

"ಹೇಳು," ಎಂದಳು ಯಮುನಮ್ಮ ಮೆಲ್ಲಗೆ. "ಹೋಗು ಅಂತ ಹೇಳಬೇಕು."

ಮಾಸ್ತಮ್ಮ ಬಾಗಿ, ಕೈಮುಗಿದ ಆ ಹುಡುಗಿಯ ಮುಖ ನೋಡಿದಳು. "ಹೋಗವ್ವ," ಎಂದಳು. "ಮನೀಗೆ ಹೋಗು."

ಮಡಕೆಯ ಬಾಯಿಗೆ ಎಲೆ ಕಟ್ಟಿದರು. ಯಮುನಮ್ಮ ಅದನ್ನು ತಲೆಯ ಮೇಲಿಟ್ಟುಕೊಂಡಳು. ಹೊಸ್ತಿಲು ದಾಟುವ ಮುಂಚೆ ಅವಳು ತಿರುಗಲಿಲ್ಲ; ತಲೆಯ ಮೇಲೆ ದೇವರಿದ್ದಾಗ ತಿರುಗುವ ಹಾಗಿಲ್ಲ. ಧರ್ಮಪ್ಪ ಮಾತ್ರ ನಿಂತ.

"ಪ್ರತಿಷ್ಠೆ ಎಲ್ಲ ಮುಗೀಲಿ," ಎಂದ. "ನಾ ಬಂದು ಕರ್ಕಂಡು ಹೋತೀನಿ."

ಈ ಸಲ ಅವನು ಬಂದ. ಕೊಯ್ಲು ಮುಗಿದ ಮೇಲೆ ಬಂದ, ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಹೋದ. ತವರುಮನೆಗೆ ಹೆಂಚು ಬಂದಿತ್ತು. ತಾಯಿ ಸತ್ತು ಎಷ್ಟೋ ಕಾಲವಾಗಿತ್ತು, ದೊಡ್ಡಮ್ಮಂದಿರೂ ಇರಲಿಲ್ಲ. ಧರ್ಮಪ್ಪನ ಸೊಸೆಯಂದಿರು ಅವಳಿಗೆ ಮಣೆ ಹಾಕಿ ಬಿಸಿ ರೊಟ್ಟಿ ಬಡಿಸಿದರು. ಏನು ಮಾತಾಡಬೇಕೆಂದು ತಿಳಿಯದೆ ಮ್ಯೂಸಿಯಂನಲ್ಲಿ ಹುಲಿ ಇದೆಯೇ ಎಂದು ಕೇಳಿದರು. ಯಮುನಮ್ಮ ಅವಳು ಕೊಟ್ಟ ನೀರು ಕುಡಿದಳು, ಎಲ್ಲರೂ ನೋಡುವ ಹಾಗೆ ಕುಡಿದಳು. ಅಷ್ಟು ಕಷ್ಟಪಟ್ಟು ಕುಡಿದದ್ದು ಮಾಸ್ತಮ್ಮನಿಗೆ ಕಂಡಿತು.

ಹೊಸ ಕಲ್ಲನ್ನೂ ತೋರಿಸಿದರು. ಶಿರಾಳಕೊಪ್ಪದ ಕಲ್ಲುಕುಟಿಗ ಕೆತ್ತಿದ್ದು. ತೋಳು ನೆಟ್ಟಗೆ ನಿಂತು ಬಸ್ಸಿಗೆ ಕೈ ಮಾಡಿದ ಹಾಗೆ ಕಾಣುತ್ತಿತ್ತು. ಆಗಲೇ ಅದಕ್ಕೆ ಎಣ್ಣೆ ಮೆತ್ತಿತ್ತು. "ರೋಗ ಬಿದ್ರೂ ಬೆಳೆ ಚಲೋ ಬಂತು ಈ ಸಲ," ಎಂದಳು ಒಬ್ಬ ಸೊಸೆ. ಮಾಸ್ತಮ್ಮ ಹೌದೆಂದು ತಲೆಯಾಡಿಸಿದಳು.

ನಾಲ್ಕಾರು ದಿನ ಇದ್ದಳು. ಮನೆತುಂಬ ಜನ. ಯಾರಿಗೂ ಅವಳು ಬೇಡವಾಗಿರಲಿಲ್ಲ. ಆದರೆ ಅವಳು ಕೂತರೆ ಮಾತು ನಿಲ್ಲುತ್ತಿತ್ತು. ಎದ್ದು ಹೋದರೆ ಮತ್ತೆ ಶುರುವಾಗುತ್ತಿತ್ತು. ಅವಳ ಬಾಲ್ಯ ಬಲ್ಲವರೆಂದರೆ ಧರ್ಮಪ್ಪ ಒಬ್ಬನೇ, ಅವನು ಹಗಲೆಲ್ಲ ಕಣದಲ್ಲಿ. ಹೊರಡುತ್ತೇನೆ ಎಂದಾಗ ಅವನು ಬಸ್ಸಿನ ರಸ್ತೆಯವರೆಗೂ ಗಂಟು ಹಿಡಿದು ಬಂದ.

"ಇಲ್ಲೇ ಇದ್ದುಬಿಡೆ. ಯಾರೇನಂತಾರೆ ಈಗ?"

"ಯಾರೂ ಏನೂ ಅನ್ನಲ್ಲ ಅಣ್ಣ."

"ಮತ್ತೆಂತಕ್ಕೆ ಹೋಗ್ತೀ?"

ಅವಳು ಯೋಚಿಸಿದಳು. "ಇಲ್ಲಿ ಎಲ್ರೂ ನಂಗೆ ಜಾಗ ಮಾಡಿಕೊಡ್ತಾರೆ," ಎಂದಳು. "ಅಲ್ಲಿ ನಂದೇ ಒಂದು ಜಾಗ ಅದೆ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದ. ಬಸ್ಸು ಬಂತು.

ಕಂಬದಕೊಪ್ಪದಲ್ಲಿ ಇಳಿದಾಗ ಬಿಸಿಲು ಏರಿತ್ತು. ಅಂದು ವಾರದ ರಜೆ, ಮುಂಬಾಗಿಲಿಗೆ ಬೀಗ. ರಾಜಪ್ಪನೂ ಬರುವುದಿಲ್ಲ, ನೋಡುವವರೂ ಬರುವುದಿಲ್ಲ. ಹಿತ್ತಿಲ ಬೇಲಿಯ ದಣಪೆ ಸರಿಸಿ ಒಳಗೆ ಹೋದಳು. ಅವಳಿಲ್ಲದ ದಿನಗಳಲ್ಲಿ ಕೋಣೆಯ ಮುಂದೆ ಆಲದ ಎಲೆ ದಪ್ಪನೆ ಬಿದ್ದಿತ್ತು. ಗಂಟು ಕೆಳಗಿಟ್ಟು ಅದನ್ನು ಒಂದೆಡೆ ಬಳಿದಳು. ಒಲೆ ಹಚ್ಚಿದಳು. ತವರಿನಿಂದ ಕೊಟ್ಟ ಹೊಸ ಅಕ್ಕಿಯಲ್ಲಿ ಒಂದು ಹಿಡಿ ತೊಳೆದು ಎಸರಿಗೆ ಹಾಕಿ, ಬೇಯುವ ತನಕ ಹೊಸ್ತಿಲ ಮೇಲೆ ಕೂತಳು.